ಬದುವಿನ ಕಡಲೆ ಆರಿಸಿದವರು

ನಮ್ಮ ಕಚೇರಿಯಲ್ಲಿ ಯಾರಾದರೂ ತೋಳಿಗೆ ತಾಯತ ಕಟ್ಟಿಕೊಂಡು ಬಂದರೆ ಅವರ ಕಾಲೆಳೆಯಲು ಮೊದಲು ಮುಂದಾಗುತ್ತಿದ್ದವನು ನಾನೇ. ಕಣ್ಣಿಗೆ ಕಂಡದ್ದು, ಕಾಗದದ ಮೇಲೆ ಇದ್ದದ್ದು, ಇವೆರಡನ್ನು ಬಿಟ್ಟು ಬೇರೇನನ್ನೂ ನಂಬಬಾರದೆಂದು ಭಾಷಣ ಬಿಗಿಯುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನ ಸಂಸಾರ. ಸಿರುಗುಪ್ಪ ತಾಲ್ಲೂಕಿನ ರಾರಾವಿ ನಮ್ಮೂರು, ಅಲ್ಲಿ ಹೊಳೆಯ ಪಕ್ಕ ನಮ್ಮ ಎರೆಹೊಲ. ಅದನ್ನು ನೋಡಿಕೊಳ್ಳುತ್ತಿದ್ದವನು ಅಣ್ಣ. ಹಿಂಗಾರಿ ಕಡಲೆ ಹಸಿರಾಯಿತೆಂದರೆ ಚಿಗರಿ ಹಿಂಡು ಹೊಲಕ್ಕಿಳಿಯುತ್ತಿತ್ತು. ಪುಸ್ತಕದವರು ಕೃಷ್ಣಮೃಗ ಎನ್ನುವ ಪ್ರಾಣಿಗೆ ನಮ್ಮ ಕಡೆ ಚಿಗರಿ ಎನ್ನುತ್ತಾರೆ. ಅಣ್ಣ ಅವುಗಳ ಮೇಲೆ ಎಂದೂ ಕಲ್ಲೆತ್ತಿದವನಲ್ಲ. ನಸುಕಿನಲ್ಲೆದ್ದು ಡಬ್ಬಿ ಬಡಿಯುತ್ತ ಹೊಲ ಸುತ್ತುತ್ತಿದ್ದ. ಅವು ಹೋಗುತ್ತಿದ್ದವು, ಮರುದಿನ ಮತ್ತೆ ಬರುತ್ತಿದ್ದವು. ಆ ವರ್ಷ ಅವನು ಚಕ್ಕಡಿಯಿಂದ ಬಿದ್ದು ಕಾಲು ಮುರಿದುಕೊಂಡ. ಹೊಲದ ಉಸ್ತುವಾರಿ ನನ್ನ ತಲೆಗೆ ಬಂತು.

ನಾನು ಹೋಗುತ್ತಿದ್ದದ್ದು ಭಾನುವಾರ ಮಾತ್ರ. ಹೋದಾಗಲೆಲ್ಲ ಇನ್ನಷ್ಟು ಹೊಲ ಬೋಳಾಗಿರುತ್ತಿತ್ತು. ನನಗೆ ತಲೆ ಕೆಟ್ಟುಹೋಯಿತು. ಚಿಗರಿಗೆ ಗುಂಡು ಹೊಡೆದರೆ ಜೈಲು ಎಂಬ ಕಾನೂನು ಅಷ್ಟರಲ್ಲಿ ಬಂದಿತ್ತು. ವಿಷ ಹಾಕಿದರೆ ಸದ್ದಾಗುವುದಿಲ್ಲವಲ್ಲ ಎಂದುಕೊಂಡೆ. ಹತ್ತಿಗೆ ಹೊಡೆಯಲು ತಂದ ಎಂಡ್ರಿನ್ ಅಟ್ಟದ ಮೇಲಿತ್ತು. ಒಂದು ಭಾನುವಾರ ಸಂಜೆ ನೆನೆಸಿದ ಕಡಲೆಗೆ ಅದನ್ನು ಕಲಸಿ, ಹೊಳೆಯ ಕಡೆಯ ಬದುವಿನುದ್ದಕ್ಕೂ ಚೆಲ್ಲಿದೆ. ಅಣ್ಣನಿಗೆ ಹೇಳಲಿಲ್ಲ. ಹೇಳಿದ್ದರೆ ಮುರಿದ ಕಾಲಿನಲ್ಲೇ ಕುಂಟಿಕೊಂಡು ಬಂದು ತಡೆಯುತ್ತಿದ್ದ. ಕೈ ತಿಕ್ಕಿ ತೊಳೆದು ಬಸ್ಸು ಹತ್ತಿದೆ. ಜಾಣತನದ ಕೆಲಸ ಮಾಡಿದೆನೆಂದು ಆ ರಾತ್ರಿ ಚೆನ್ನಾಗಿ ನಿದ್ದೆಯನ್ನೂ ಮಾಡಿದೆ.

ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಉಸಳಿಗೆಂದು ನೆನೆಸಿದ್ದ ಕಡಲೆಯನ್ನು ಬಸಿಯುತ್ತಿದ್ದಳು. ನಾಲ್ಕು ಕಾಳು ನೆಲಕ್ಕೆ ಬಿದ್ದವು. ಮೂರು ವರ್ಷದ ನಮ್ಮ ಮಗಳು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಕಾಳನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳತೊಡಗಿದಳು. ಕಾಫಿ ಲೋಟ ಹಿಡಿದು ನೋಡುತ್ತಿದ್ದ ನನಗೆ ಬದುವಿನ ಮೇಲಿನ ಕಡಲೆ ನೆನಪಾಯಿತು. ನಮ್ಮ ಹೊಲಕ್ಕೆ ಕಳೆ ತೆಗೆಯಲು ಹುಲಿಗೆಮ್ಮ ಎಂಬಾಕೆ ಬರುತ್ತಿದ್ದಳು. ಅವಳಿಗೂ ಇದೇ ವಯಸ್ಸಿನ ಮಗಳು, ಗಂಗಿ. ಕೆಲಸ ಮುಗಿಯುವವರೆಗೆ ಆ ಮಗುವನ್ನು ಅವಳು ದಿನವೂ ಕೂರಿಸುತ್ತಿದ್ದದ್ದು ಅದೇ ಬದುವಿನ ಮೇಲೆ.

ಒಂಬತ್ತು ಗಂಟೆಗೆ ಅವರು ಹೊಲಕ್ಕೆ ಬರುತ್ತಾರೆ. ಆಗ ಆರೂಕಾಲು. ನಮ್ಮೂರಿಗೆ ಫೋನು ಇರಲಿಲ್ಲ. ಉಟ್ಟ ಲುಂಗಿಯಲ್ಲೇ ಓಡಿ ಸಿಕ್ಕ ಬಸ್ಸು ಹತ್ತಿದೆ. ಅದು ಕುರುಗೋಡಿನ ಮೇಲೆ ಹೋಗುವ ಬಸ್ಸು. ಕುರುಗೋಡು ದಾಟಿ ಸ್ವಲ್ಪ ದೂರ ಹೋಗಿ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಬರುವುದು ಹತ್ತೂವರೆಗೆ ಎಂದು ಹೇಳಿ ಕಂಡಕ್ಟರು ಬೀಡಿ ಹಚ್ಚಿಕೊಂಡ. ನಾನು ರಸ್ತೆಯ ಮೇಲೆ ಓಡಿದೆ. ಉಸಿರು ಕಟ್ಟಿದಾಗ ನಡೆದೆ. ಎರಡು ಲಾರಿಗಳಿಗೆ ಅಡ್ಡ ನಿಂತು ಕೈಮುಗಿದೆ, ಎರಡೂ ನಿಲ್ಲಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಕಾಲು ಸೋತು ಮೈಲುಗಲ್ಲಿನ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತೆ. ದೊಡ್ಡವನಾದ ಮೇಲೆ ಹಾಗೆ ಅತ್ತದ್ದು ಅದೊಂದೇ ಸಲ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಅಳುತ್ತಲೇ ನಾನೊಂದು ಸುಳ್ಳನ್ನೂ ಹೊಂದಿಸಿಕೊಳ್ಳುತ್ತಿದ್ದೆ. ಮಗುವಿಗೆ ಏನಾದರೂ ಆಗಿದ್ದರೆ, ಪಕ್ಕದ ಹೊಲದವರು ಚೆಲ್ಲಿರಬೇಕು, ನನಗೇನೂ ಗೊತ್ತಿಲ್ಲ ಎನ್ನುವುದೆಂದು ತೀರ್ಮಾನಿಸಿದ್ದೆ.

ಕೊನೆಗೆ ಹತ್ತೂವರೆಯ ಬಸ್ಸೇ ಹಿಡಿದು ನಾನು ಹೊಲ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಹುಲಿಗೆಮ್ಮ ಬಗ್ಗಿ ಕಳೆ ತೆಗೆಯುತ್ತಿದ್ದಳು. ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಗಂಗಿ ಮಲಗಿದ್ದಳು. ಹತ್ತಿರ ಹೋಗಿ ಅವಳ ಮೂಗಿನ ಬಳಿ ಬೆರಳು ಹಿಡಿದೆ. ಬಿಸಿಯುಸಿರು ತಾಗಿತು. ಬದುವಿನತ್ತ ಓಡಿದೆ. ಆ ತುದಿಯಿಂದ ಈ ತುದಿಯವರೆಗೆ ಒಂದೇ ಒಂದು ಕಾಳೂ ಇರಲಿಲ್ಲ.

ಹುಲಿಗೆಮ್ಮ ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದಳು. "ಮತ್ತ್ಯಾಕ ಬಂದ್ರಿ ಧಣಿ? ಕಾಳೆಲ್ಲ ಆರಿಸಿದ್ರಲ್ರಿ. ಒಂದೂ ಉಳಿದಿಲ್ಲ, ನಾನೂ ನೋಡೀನಿ."

ಯಾರು ಆರಿಸಿದ್ದು ಎಂದೆ. ಅವಳು ಬಂದಾಗ ನಾನು ಬದುವಿನ ಮೇಲೆ ಮೊಣಕಾಲೂರಿ ಒಂದೊಂದೇ ಕಾಳು ಹೆಕ್ಕುತ್ತಿದ್ದೆನಂತೆ. ಮೈಮೇಲೆ ನಿನ್ನೆಯ ಕಂದು ಅಂಗಿಯೇ ಇತ್ತಂತೆ. ಮನುಷ್ಯರ ನೆರಳು ಕಂಡರೆ ನೆಗೆದು ಓಡುವ ಚಿಗರಿ ಹಿಂಡು ಹತ್ತು ಮಾರು ದೂರದಲ್ಲಿ ಸುಮ್ಮನೆ ನಿಂತು ನನ್ನನ್ನು ನೋಡುತ್ತಿತ್ತಂತೆ. ಮಗುವನ್ನು ಕೆಳಗೆ ಬಿಡಬೇಡ ಎಂದೆನಂತೆ. ಎಲ್ಲವನ್ನೂ ಗುಂಡಿಯಲ್ಲಿ ಹುಗಿದ ಮೇಲೆ ಅವಳು ಕೈ ತೊಳೆಯಲು ತಂಬಿಗೆ ನೀರು ಕೊಡಲು ಬಂದಳಂತೆ.

"ಈ ಕೈ ತೊಳದ್ರ ಹೋಗಂಗಿಲ್ಲವ್ವ ಅಂದ್ರಿ. ಅಳಾಕ ಹತ್ತಿದ್ರಿ. ನನಗ ಅಂಜಿಕಿ ಬಂತು."

ಹೊಲದ ಮೂಲೆಯಲ್ಲಿ ಹೊಸ ಮಣ್ಣಿನ ಗುಡ್ಡೆ ಇತ್ತು. ಅದರ ಮೇಲೆ ಜಾಲಿ ಮುಳ್ಳು ಹೇರಲಾಗಿತ್ತು. ಕೋಲಿನಿಂದ ಸ್ವಲ್ಪ ಕೆದಕಿದೆ. ಎಂಡ್ರಿನ್ ವಾಸನೆ ಮೂಗಿಗೆ ಬಡಿಯಿತು. ಮತ್ತೆ ಮಣ್ಣು ಮುಚ್ಚಿ ಮನೆಗೆ ಹೋದೆ.

ಅಣ್ಣ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದ. ನನ್ನನ್ನು ಕಂಡು ಅವನ ಕಣ್ಣು ತುಂಬಿದವು. "ತಮ್ಮಾ, ನೀನಾಗೇ ಬಂದು ಖರೇ ಹೇಳಿದಿ. ಬ್ಯಾರೆಯವರ ಬಾಯಿಂದ ಕೇಳಿದ್ರ ನಾ ನಿನ್ನ ಮಾರಿ ನೋಡ್ತಿದ್ದಿಲ್ಲ" ಎಂದ. ನಾನು ಬೆಳಿಗ್ಗೆ ಅವನ ಕಾಲ ಬಳಿ ಕೂತು, ವಿಷ ಹಾಕಿದ್ದೆ, ತೆಗೆದೆ ಎಂದು ಒಪ್ಪಿಕೊಂಡೆನಂತೆ. ಹೊಲದ ಮೂರು ಕಡೆ ಜಾಲಿ ಮುಳ್ಳಿನ ಬೇಲಿ ಹಾಕಿಸು, ಹೊಳೆಯ ಕಡೆ ಮಾತ್ರ ಮುಚ್ಚಬೇಡ, ಅಲ್ಲಿ ಒಂದು ಪಟ್ಟಿ ಮೇವಿನ ಜೋಳ ಬಿತ್ತಿ ಚಿಗರಿಗೆ ಬಿಡು, ಅದರ ಈಚೆಗೆ ಬೇಲಿ ಎಳೆದು ಕಡಲೆ ಉಳಿಸಿಕೋ ಎಂದೆನಂತೆ. ಇದೆಲ್ಲ ನನಗೆ ಹೊಳೆಯುವ ಮಾತೇ ಅಲ್ಲ. ಅಣ್ಣಾ, ನಾನು ಆಗ ಕುರುಗೋಡಿನ ಹತ್ತಿರ ರಸ್ತೆಯಲ್ಲಿ ಕೂತಿದ್ದೆ ಎಂದೆ. ಅವನು ನನ್ನ ಮುಖ ನೋಡಿ, "ಬಿಸಿಲು ಹತ್ತೈತಿ, ಮಲಕೋ" ಎಂದ.

ಮರುವರ್ಷ ಅಣ್ಣ ಹಾಗೆಯೇ ಮಾಡಿದ. ಚಿಗರಿ ಹೊಳೆಯ ಕಡೆಯಿಂದ ಬಂದು ಜೋಳ ಮೇಯ್ದು ಹೋಗುತ್ತಿದ್ದವು, ಕಡಲೆ ಬಹುಪಾಲು ಉಳಿಯಿತು. ಅಕ್ಕಪಕ್ಕದ ನಾಲ್ಕೈದು ಹೊಲದವರೂ ಅದನ್ನು ನೋಡಿ ಕಲಿತರು. ಊರಿನಲ್ಲಿ ಇವತ್ತಿಗೂ ಅದನ್ನು ನನ್ನ ಉಪಾಯವೆಂದೇ ಹೇಳುತ್ತಾರೆ.

ನಾನು ಬುದ್ಧಿಗೆ ತೋಚಿದ್ದನ್ನೆಲ್ಲ ಯೋಚಿಸಿದ್ದೇನೆ. ನನ್ನನ್ನು ಹೋಲುವ ಯಾರೋ ಬಂದಿದ್ದರು ಎನ್ನೋಣವೆಂದರೆ, ನಾನು ವಿಷ ಹಾಕಿದ್ದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಹುಲಿಗೆಮ್ಮನ ಭ್ರಮೆ ಎನ್ನೋಣವೆಂದರೆ, ಮನೆಯಲ್ಲಿ ಮಲಗಿದ್ದ ಅಣ್ಣ ಕಂಡದ್ದು ಏನು? ಆ ಕಂದು ಅಂಗಿ ಬಳ್ಳಾರಿಯ ಮನೆಯ ಗೂಟದಲ್ಲೇ ಇತ್ತೆಂದು ನನ್ನ ಹೆಂಡತಿ ಹೇಳಿದಳು. ಯಾವ ಎಳೆ ಹಿಡಿದು ಎಳೆದರೂ ಕೈಗೆ ಏನೂ ಸಿಗುವುದಿಲ್ಲ.

ಅಣ್ಣ ತೀರಿಕೊಳ್ಳುವವರೆಗೂ ನನ್ನ ಕುರುಗೋಡಿನ ಕಥೆಯನ್ನು ನಂಬಲಿಲ್ಲ. ಹುಲಿಗೆಮ್ಮನಿಗೆ ಆಮೇಲೆ ವಿಷದ ಸಂಗತಿ ತಿಳಿಯಿತು. ನಾನೇ ಬಂದು ಮೊಣಕಾಲೂರಿ ಆರಿಸಿದೆನೆಂದು ಅವಳು ನನ್ನನ್ನು ಕ್ಷಮಿಸಿದ್ದಾಳೆ. ಕಂಡಾಗಲೆಲ್ಲ ಪ್ರೀತಿಯಿಂದ ಮಾತಾಡಿಸುತ್ತಾಳೆ. ನಾನು ತಲೆ ತಗ್ಗಿಸಿಕೊಂಡು ಕೇಳುತ್ತೇನೆ. ಆ ಕಾಳು ಆರಿಸಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೆ ವಿಷ ಕಲಸಿದವನು ಮಾತ್ರ ನಾನೇ.