ಭಾಷಣಕ್ಕಾಗಿ ಕಿತ್ತ ಪ್ಲಗ್ಗು

ಕದಿರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಮಾಡಿದವರು ಯಾರೋ, ಮೆಮೊ ಬಂದದ್ದು ಈಕೆಯ ಹೆಸರಿಗೆ. 'ನನ್ನ ಬೇಜವಾಬ್ದಾರಿಯಿಂದ ಯಂತ್ರ ನಿಂತುಹೋಯಿತು' ಎಂದು ಬರೆದಿದ್ದ ಹಾಳೆಗೆ ಸಹಿ ಹಾಕಬೇಕಂತೆ. ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲವಂತೆ.

ದೊಡ್ಡಬಳ್ಳಾಪುರದಲ್ಲಿ ಇಪ್ಪತ್ತು ವರ್ಷ ಪವರ್‌ಲೂಮ್ ನಡೆಸಿದ ಹೆಂಗಸು ಆಕೆ. ಎಳೆ ಕಡಿದರೆ ಮಗ್ಗ ನಿಲ್ಲಿಸಿ ಗಂಟು ಹಾಕಿ ಗೊತ್ತೇ ಹೊರತು, ಮುಚ್ಚಿಹಾಕಿ ಗೊತ್ತಿಲ್ಲ. ಮಗ್ಗದ ಸದ್ದಿಗೆ ಕಿವಿ ಮಂದವಾಗುತ್ತ ಬಂದಾಗ ಊರಾಚೆಯ ಖಾಸಗಿ ಕಾಲೇಜಿನಲ್ಲಿ ಆಯಾ ಆಗಿ ಸೇರಿದಳು. ತಾರಸಿಯ ಮೇಲಿನ ಬಿಳಿ ಆಂಟೆನಾ, ಅದರ ಕೆಳಗಿನ ಕೋಣೆಯ ರಿಸೀವರ್ ನೋಡಿಕೊಳ್ಳುವ ಕೆಲಸವೂ ಆಕೆಯ ತಲೆಗೇ ಬಿತ್ತು. ಬೆಂಗಳೂರಿನಿಂದ ಬಂದು ಅವನ್ನು ಕೂರಿಸಿದ ಪದ್ಮಶ್ರೀ ಎಂಬ ವಿಜ್ಞಾನಿ, ನಿನಗೆ ಅರ್ಥವಾಗಲ್ಲ ಬಿಡು ಎನ್ನದೆ, ಮೆಟ್ಟಿಲ ಮೇಲೆ ಕೂತು ಹೇಳಿದ್ದರು.

"ಸ್ಯಾಟಲೈಟ್ ಸಿಗ್ನಲ್ ಆಕಾಶದ ಮೇಲ್ಗಡೆ ಪದರ ದಾಟ್ಕೊಂಡು ಬರುತ್ತೆ ಕದಿರಮ್ಮ. ಸಮುದ್ರದ ಕೆಳಗೆ ಭೂಮಿ ನಡುಗಿದ್ರೆ, ಸುನಾಮಿ ಎದ್ರೆ, ಆ ನಡುಕ ಅಲ್ಲೀತನಕ ಹೋಗಿ ಸಿಗ್ನಲ್ಲನ್ನೂ ಕದಡುತ್ತೆ. ಅದನ್ನ ಹಿಡಿಯೋದು ಕಲಿತ್ರೆ ದಡದಲ್ಲಿರೋರಿಗೆ ಬೇಗ ಹೇಳ್ಬಹುದು. ಒಂದು ನಿಮಿಷಾನೂ ಆಫ್ ಆಗ್ಬಾರ್ದು, ನೋಡ್ಕೊಳ್ಳಿ."

ಆಕೆಗೆ ಅಷ್ಟೇ ಸಾಕಾಯಿತು. ಕರೆಂಟು ಹೋದಾಗ ಅದನ್ನು ನಡೆಸಬೇಕಾದ ಬ್ಯಾಟರಿ ಸತ್ತಿದೆ ಎಂದು ಆಫೀಸಿಗೆ ಮೂರು ಸಲ ಹೋಗಿ ಹೇಳಿದಳು. ಯಾರಾದರೂ ಕಿವಿಗೆ ಹಾಕಿಕೊಂಡರೆ ತಾನೆ!

ಕಳೆದ ತಿಂಗಳು ಕಾಲೇಜಿನಲ್ಲಿ ಸಮಾರಂಭ. ವಿಷಯ ಏನು ಗೊತ್ತೇ? ವಿಕೋಪದ ಮುನ್ನೆಚ್ಚರಿಕೆ! ಇಂಥ ಯಂತ್ರ ತಮ್ಮಲ್ಲಿದೆ ಎಂಬ ಹೆಮ್ಮೆಗೆ ಹಾರ, ಶಾಲು, ಪೇಟ. ಮೈಕ್‌ಸೆಟ್ಟಿಗೆ ಪ್ಲಗ್ ಪಾಯಿಂಟ್ ಸಾಲದೆ ಆಫೀಸ್ ಮ್ಯಾನೇಜರ್ ಕೆಂಪರಾಜು ರಿಸೀವರಿನ ಪ್ಲಗ್ಗಿಗೇ ಕೈ ಹಾಕಿದ.

"ಅಯ್ಯೋ, ಅದನ್ನ ಕೀಳ್ಬೇಡಿ ಸಾರ್!"

"ಸುಮ್ನಿರಮ್ಮ. ಅರ್ಧ ಗಂಟೆಲಿ ಪ್ರಳಯ ಆಗೋಗುತ್ತಾ?"

ಭಾಷಣ ಎರಡು ಗಂಟೆ ನಡೆಯಿತು. ಅದೇ ಹೊತ್ತಿಗೆ ಎಲ್ಲೋ ದೂರದ ಕಡಲಿನಡಿ ಭೂಮಿ ನಡುಗಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಬೇಕಾಗಿದ್ದ ಆ ಎರಡು ಗಂಟೆಯ ದಾಖಲೆಯೇ ಇಲ್ಲ. ಯಾಕೆಂದು ಪದ್ಮಶ್ರೀ ಪತ್ರ ಬರೆದು ಕೇಳಿದ್ದೇ ತಡ, ಕಾಲೇಜಿಗೆ ಕದಿರಮ್ಮನ ನೆನಪಾಯಿತು.

"ಒಂದು ಸಹಿ ತಾನೆ? ಹಾಕ್ಬಿಡಮ್ಮ, ಕೆಲಸ ಉಳಿಯುತ್ತೆ," ಎಂದು ಕೆಂಪರಾಜು ಪೆನ್ನು ಚಾಚಿದ. ಸ್ವಲ್ಪವಾದರೂ ನಾಚಿಕೆ ಬೇಡವೇ ಮನುಷ್ಯನಿಗೆ?

"ಇವತ್ತು ನಾನು ಒಪ್ಕೊಂಡ್ರೆ, ಮುಂದಿನ ಫಂಕ್ಷನ್ನಿಗೂ ನೀವು ಕೀಳ್ತೀರ ಸಾರ್. ಆವಾಗ ನಿಮ್ಮನ್ನ ತಡೆಯೋರು ಯಾರು?"

ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: 'ಪ್ಲಗ್ಗು ಕಿತ್ತವರು ಕೆಂಪರಾಜು ಸಾರ್. ಬೇಡ ಅಂದವಳು ನಾನು.' ಸಹಿ ಹಾಕಿದಳು. ಫೋನಿನಲ್ಲಿ ಅದರ ಫೋಟೊ ತೆಗೆದು ಅಲ್ಲೇ ನಿಂತು ಪದ್ಮಶ್ರೀಗೆ ಕಳಿಸಿದಳು.

"ಯಂತ್ರ ಈಗ ನಡೀತಾ ಇದೆ, ನೋಡ್ಕೊಂಡೇ ಬಂದೆ," ಎಂದು ಕೋಣೆಯ ಬೀಗದ ಕೈಯನ್ನು ಅವನ ಮೇಜಿನ ಮೇಲಿಟ್ಟಳು. "ಇನ್ಮೇಲೆ ನಿಂತ್ರೆ, ಬರೆಯೋಕೆ ನನ್ನ ಹೆಸರಿರಲ್ಲ ನಿಮಗೆ."