ಮೈಲುತುತ್ತ ಹಾಕದ ಅಂಟು

ನಂಜುಂಡಯ್ಯನವರ ಅಡುಗೆಮನೆಯ ನಲ್ಲಿ ನಾಲ್ಕು ವರ್ಷ ಸೋರಿತು. ನಲ್ಲಿ ರಿಪೇರಿ ಮಾಡುವುದು ಹೇಗೆ ಅನ್ನುವುದರ ಮೇಲೆ ಅವರ ಕಪಾಟಿನಲ್ಲಿ ಮೂರು ಸಂಪುಟ ಇದ್ದವು. ಮೂರನ್ನೂ ಹೊಲಿದು ರಟ್ಟು ಕಟ್ಟಿ ಕೊಟ್ಟವಳು ನಾನೇ, ಆದ್ದರಿಂದ ಈ ಮಾತಿನಲ್ಲಿ ಉತ್ಪ್ರೇಕ್ಷೆ ಏನಿಲ್ಲ.

ನನ್ನದು ಕಾಟನ್‌ಪೇಟೆಯ ಸಂದಿಯೊಂದರಲ್ಲಿ ಬೈಂಡಿಂಗ್ ಅಂಗಡಿ. ಗಂಡ ತೀರಿಕೊಂಡ ಮೇಲೆ ನಾನೊಬ್ಬಳೇ ನಡೆಸುತ್ತಿದ್ದೇನೆ. ನಂಜುಂಡಯ್ಯನವರು ಚಾಮರಾಜಪೇಟೆಯವರು, ಸರ್ಕಾರಿ ಆಫೀಸಿನಿಂದ ರಿಟೈರ್ ಆದವರು. ತಿಂಗಳಿಗೊಮ್ಮೆ ಆಟೋದಲ್ಲಿ ಒಂದು ಗಂಟು ಕಾಗದ ಹೊತ್ತು ತರುತ್ತಿದ್ದರು. ಪೇಪರಿನಿಂದ ಕತ್ತರಿಸಿದ್ದು, ಕೃಷಿ ಮೇಳದಲ್ಲಿ ಹಂಚಿದ್ದು, ವಾಟ್ಸಾಪಿನಲ್ಲಿ ಬಂದದ್ದನ್ನು ಪ್ರಿಂಟ್ ಹಾಕಿಸಿದ್ದು. ಕಥೆ, ಕವಿತೆ, ರಾಜಕೀಯ ಯಾವುದೂ ಇರುತ್ತಿರಲಿಲ್ಲ. ಜೇನು ಸಾಕುವುದು ಹೇಗೆ, ಗಡಿಯಾರ ಬಿಚ್ಚುವುದು ಹೇಗೆ, ಮಳೆನೀರು ಹಿಡಿಯುವುದು ಹೇಗೆ, ಬರೀ ಇಂಥವೇ. ಆ ಮನೆಯಲ್ಲಿ ಒಂದು ತುಳಸಿ ಗಿಡ ಬಿಟ್ಟರೆ ನೆಟ್ಟದ್ದು ಯಾವುದೂ ಇರಲಿಲ್ಲ, ಅದೂ ಅವರ ಹೆಂಡತಿ ಸುಶೀಲಮ್ಮ ನೆಟ್ಟಿದ್ದು.

"ಬೇಕಾದಾಗ ತೆಗೆದು ನೋಡಿದ್ರಾಯ್ತು, ಗಿರಿಜಮ್ಮನವರೇ. ಮನೇಲಿ ಇರ್ಬೇಕು ಅಷ್ಟೆ," ಅಂತ ನಂಜುಂಡಯ್ಯನವರು ನನಗೆ ಹೇಳುತ್ತಿದ್ದರು.

ಒಂದು ಸಲ ಬೈಂಡಾದ ಪುಸ್ತಕ ಕೊಡಲು ಹೋದಾಗ ಆ ನಲ್ಲಿಯ ಟಪ್ ಟಪ್ ಕೇಳಿ ನನಗೆ ತಲೆಕೆಟ್ಟಿತು. ಸುಶೀಲಮ್ಮ ಪಾಪ ಅದರ ಕೆಳಗೆ ಬಕೆಟ್ ಇಟ್ಟು, ತುಂಬಿದಾಗೆಲ್ಲ ಎತ್ತಿ ಸುರಿಯುತ್ತಿದ್ದರು. ಬೀದಿ ಕೊನೆಯ ಸೈಕಲ್ ಶಾಪಿನಿಂದ ಹಳೆ ಟ್ಯೂಬಿನ ತುಂಡು ತಂದು, ದುಂಡಗೆ ಕತ್ತರಿಸಿ, ನಲ್ಲಿ ಬಿಚ್ಚಿ ಒಳಗೆ ಕೂರಿಸಿದೆ. ಹತ್ತು ನಿಮಿಷದ ಕೆಲಸ. ನಂಜುಂಡಯ್ಯನವರು ಕಣ್ಣರಳಿಸಿ ನಿಂತಿದ್ದರು. "ತಡೀರಿ, ಮೊದಲಿಂದ ಹೇಳಿ, ಬರ್ಕೋತೀನಿ," ಅಂದರು. ಎರಡು ಪುಟ ಬರೆದುಕೊಂಡು, ತಲೆಬರಹ ಕೊಟ್ಟು, ಫೈಲಿಗೆ ಸೇರಿಸಿದರು. ಆರು ತಿಂಗಳಿಗೆ ಆ ರಬ್ಬರು ಸವೆದಾಗ ನನಗೇ ಫೋನು ಬಂತು. "ನೀವು ಹೇಳಿದ್ದೆಲ್ಲಾ ಬರೆದಿಟ್ಟಿದೀನಿ. ಆದ್ರೆ ನೀವೇ ಒಂದ್ಸಲ ಬಂದ್ಬಿಡಿ." ಹೋದೆ. ಬೇರೆ ಯಾರಾಗಿದ್ದರೂ ಮುಖಕ್ಕೆ ಹೊಡೆದ ಹಾಗೆ ನಾಲ್ಕು ಮಾತು ಹೇಳಿ ಬರುತ್ತಿದ್ದೆ.

ಹೇಳಲಿಲ್ಲ ಯಾಕೆಂದರೆ, ಆ ಮನುಷ್ಯನಂತೆ ನನಗೆ ಮರ್ಯಾದೆ ಕೊಟ್ಟವರು ಇನ್ನೊಬ್ಬರಿಲ್ಲ. ಪುಸ್ತಕ ತಂದುಕೊಡುವವರನ್ನು ಓದಿದವರು ಬಾಗಿಲಲ್ಲೇ ನಿಲ್ಲಿಸುತ್ತಾರೆ. ಇವರು ಕುರ್ಚಿ ಎಳೆದು ಹಾಕಿ, "ಬನ್ನಿ, ಕೂತ್ಕೊಳ್ಳಿ, ಕಾಫಿ ಆಗ್ತಿದೆ," ಅನ್ನುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ 'ಅಮ್ಮನವರೇ' ಅನ್ನುತ್ತಿದ್ದರು. ಆ 'ಅವರೇ'ಗೆ ಸೋತು ಬಾಯಿ ಮುಚ್ಚಿಕೊಂಡೆ ನಾನು. ಮುಚ್ಚಬಾರದಿತ್ತು.

ಬೈಂಡಿಂಗಿಗೆ ಅಂಟು ನಾವೇ ಕಾಯಿಸುತ್ತೇವೆ. ಮೈದಾ ಗಂಜಿ ಕುದಿಸಿ, ಇಳಿಸುವ ಮೊದಲು ಒಂದಿಷ್ಟು ಮೈಲುತುತ್ತ ಹಾಕುತ್ತೇವೆ. ಅದು ನೀಲಿ ಹರಳು, ವಿಷ. ಆ ವಿಷಕ್ಕೇ ಹುಳ ಹತ್ತಿರ ಸುಳಿಯುವುದಿಲ್ಲ. ಎಷ್ಟು ಹಾಕಬೇಕು ಅಂತ ನನ್ನ ಮಾವ ಯಾವತ್ತೂ ಬಾಯಲ್ಲಿ ಹೇಳಲಿಲ್ಲ. ಬಣ್ಣ ನೋಡಿ ಹಾಕುತ್ತಿದ್ದರು, ನಾನೂ ಹಾಗೇ ಕಲಿತೆ.

ಒಂದು ದಿನ ನಂಜುಂಡಯ್ಯನವರು ಅಂಗಡಿಗೆ ಬಂದಾಗ ನನ್ನ ಬೆರಳು ನೋಡಿದರು. ಸಂದಿಯಲ್ಲೆಲ್ಲ ಬಿರುಕು ಬಿಟ್ಟು ನೀಲಿಗಟ್ಟಿದ್ದವು. ಮುಖ ಸಣ್ಣದಾಯಿತು ಅವರಿಗೆ. ಮಾರನೆಯ ದಿನ ಒಂದು ಲೇಖನ ಹುಡುಕಿ ತಂದರು. ಮೈಲುತುತ್ತ ಕೈಗೆ ಕೆಟ್ಟದ್ದು, ಕಾಗದಕ್ಕೂ ಕೆಟ್ಟದ್ದು, ಶುದ್ಧ ಗಂಜಿಯೇ ಉತ್ತಮ ಅಂತ ಅದರಲ್ಲಿ ಅಚ್ಚಾಗಿತ್ತು.

"ಇನ್ಮೇಲೆ ನನ್ನ ಪುಸ್ತಕಕ್ಕೆ ಇದನ್ನ ಹಾಕ್ಬೇಡಿ. ನಿಮ್ಮ ಕೈ ಹಾಳಾಗೋದು ನನಗೆ ಬೇಡ."

"ಸಾರ್, ಬರೀ ಗಂಜಿ ಅಂದ್ರೆ ಗೆದ್ದಲಿಗೆ ಕರೆದು ಊಟ ಹಾಕ್ದಂಗೆ. ಅದೂ ನಿಮ್ಮ ಕಪಾಟು ಬಚ್ಚಲು ಗೋಡೆಗೆ ಅಂಟ್ಕೊಂಡಿದೆ."

ನಕ್ಕರು. "ಇದನ್ನ ಬರೆದೋರು ತಿಳಿದೋರು, ಗಿರಿಜಮ್ಮನವರೇ. ಗೆದ್ದಲಿನ ಮೇಲೂ ನನ್ನ ಹತ್ರ ಒಂದು ಫೈಲಿದೆ, ಬಂದಾಗ ನೋಡ್ಕೊಳ್ಳೋಣ."

ನನ್ನ ಕೈಯ ಮೇಲಿನ ಕಾಳಜಿಗೆ ಎದುರು ಹೇಳಲು ನನಗೆ ಬಾಯಿ ಬರಲಿಲ್ಲ. ಅವತ್ತಿನಿಂದ ಅವರ ಪುಸ್ತಕಕ್ಕೆ ಬೇರೆ ಪಾತ್ರೆಯಲ್ಲಿ ಬಿಳೀ ಗಂಜಿ ಕಾಯಿಸಿದೆ. ತಪ್ಪು ಅಂತ ಗೊತ್ತಿದ್ದೂ ಐದು ವರ್ಷ ಕಾಯಿಸಿದೆ. ಈಗ ನೆನೆದರೆ ನನಗೇ ನಾನು ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೋದ ವರ್ಷ ಒಂದು ಕಾಲೇಜಿನ ಲೈಬ್ರರಿಯವರು ಆ ಸಂಗ್ರಹವನ್ನೆಲ್ಲ ತೆಗೆದುಕೊಳ್ಳಲು ಒಪ್ಪಿದರು. ನಂಜುಂಡಯ್ಯನವರಿಗೆ ಮಕ್ಕಳಿಲ್ಲ. ಒಂದು ಕೋಣೆಗೆ ತಮ್ಮ ಹೆಸರು, ಒಳಗೆ ಜನ ಕೂತು ತಮ್ಮ ಪುಸ್ತಕ ತೆಗೆದು ನೋಡುವುದು, ಅವರ ಬದುಕಿಗೆ ಇದ್ದ ಆಸೆ ಇದೊಂದೇ. ಪುಸ್ತಕ ಒಯ್ಯಲು ಲೈಬ್ರರಿಯ ವ್ಯಾನು ಬರುವ ದಿನ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿ, ಬೆಳಿಗ್ಗೆ ಎಂಟಕ್ಕೇ ಗೇಟಿನಲ್ಲಿ ನಿಂತಿದ್ದರು. ಕಪಾಟಿನಿಂದ ಇಳಿಸಿಕೊಡಲು ನನ್ನನ್ನೂ ಕರೆಸಿದ್ದರು.

ಕೆಳಗಿನ ಸಾಲಿನ ಮೊದಲ ಪುಸ್ತಕ ಎತ್ತಿದ ಕೂಡಲೇ ನನಗೆ ಗೊತ್ತಾಯಿತು, ತೂಕವೇ ಇರಲಿಲ್ಲ. ರಟ್ಟಿನ ಮೇಲಿನ ಕ್ಯಾಲಿಕೋ ಬಟ್ಟೆ, ಬಂಗಾರದ ಅಕ್ಷರ ಎಲ್ಲ ಹಾಗೇ ಇತ್ತು. ತೆರೆದರೆ ಗೆದ್ದಲು ಮಣ್ಣು ಉದುರಿತು. ಪಕ್ಕದ್ದೂ ಹಾಗೇ, ಅದರ ಪಕ್ಕದ್ದೂ. ಐದು ವರ್ಷದ ಕೆಲಸ ಪೂರ್ತಿ ಮಣ್ಣಾಗಿತ್ತು. ಮೇಲಿನ ಸಾಲಿನ, ಮೈಲುತುತ್ತ ಹಾಕಿದ ಹಳೆಯವು ಮಾತ್ರ ಉಳಿದಿದ್ದವು. ವ್ಯಾನಿನಲ್ಲಿ ಬಂದಿದ್ದ ಲೈಬ್ರರಿಯ ಹುಡುಗಿ ಒಳ್ಳೆಯವಳು, "ಯೋಚ್ನೆ ಮಾಡಿ ಹೇಳ್ತೀವಿ ಸಾರ್, ನಮ್ಮಲ್ಲಿರೋದಕ್ಕೂ ಹುಳ ಹತ್ತುತ್ತೆ," ಅಂತ ಮೆಲ್ಲಗೆ ಹೇಳಿ ಖಾಲಿ ವ್ಯಾನಿನಲ್ಲಿ ಹೊರಟಳು.

ನಂಜುಂಡಯ್ಯನವರು ನೆಲದ ಮೇಲೆ ಕೂತುಬಿಟ್ಟಿದ್ದರು. ಅಲ್ಲಿಂದಲೇ ಕೇಳಿದರು.

"ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸಾರ್."

"ಮತ್ತೆ ಹೇಳ್ಬಾರದಿತ್ತಾ?"

"ಹೇಳಿದ್ದೆ."

ಅವರಿಗೆ ನೆನಪಾಯಿತು ಅನ್ನಿಸುತ್ತದೆ. "ಬರೀ ಬಾಯಲ್ಲಿ ಹೇಳಿದ್ರಿ, ಗಿರಿಜಮ್ಮನವರೇ. ಒಂದು ಚೀಟೀಲಿ ಬರೆದು ಕೊಟ್ಟಿದ್ರೆ ನಂಬ್ತಿದ್ದೆ."

ಮೈಯೆಲ್ಲ ಉರಿದುಹೋಯಿತು ನನಗೆ. ನಲವತ್ತು ವರ್ಷ ಈ ಕೈಯಲ್ಲಿ ಮಾಡಿದ ಕೆಲಸ ಒಂದು ಚೀಟಿಗೆ ಸಮ ಬರಲಿಲ್ಲ. ಕುರ್ಚಿ ಹಾಕಿ ಕೂರಿಸಿದ್ದು, ಕಾಫಿ ಕೊಟ್ಟಿದ್ದು ಎಲ್ಲ ಯಾವ ಸೀಮೆ ಮರ್ಯಾದೆ ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ಹಿಂದೆ ತಿರುಗಿ ನೋಡದೆ ಬಂದುಬಿಟ್ಟೆ.

ಆಮೇಲೆ ಅವರ ಫೋನು ಬರತೊಡಗಿತು. ಮೊದಲ ವಾರ ದಿನಾ, ಆಮೇಲೆ ಎರಡು ದಿನಕ್ಕೊಮ್ಮೆ. ಹೆಸರು ನೋಡಿ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಹೊಲಿಗೆ ಮುಂದುವರಿಸುತ್ತಿದ್ದೆ. ಇನ್ನೇನು ಬರ್ಕೋಬೇಕೋ ಬರ್ಕೊಳ್ಳಲಿ ಅಂತ ಬೈದುಕೊಳ್ಳುತ್ತಿದ್ದೆ. ಒಂದು ತಿಂಗಳಿಗೆ ಅದೂ ನಿಂತಿತು.

ಮತ್ತೆ ಆ ನಂಬರಿನಿಂದ ಫೋನು ಬಂದಾಗ ಏನೋ ತಡೆಯಲಾರದೆ ಎತ್ತಿದೆ. ಸುಶೀಲಮ್ಮ ಮಾತಾಡಿದರು.

"ಹೋಗ್ಬಿಟ್ರು ಕಣಮ್ಮಾ, ಹನ್ನೆರಡು ದಿನ ಆಯ್ತು. ಅದಕ್ಕೆ ಮುಂಚೆ ಕಾಗದ ಎಲ್ಲಾ ತಾವೇ ಗುಜರಿಗೆ ಹಾಕ್ಸಿದ್ರು. ನಿಮ್ಮ ಅಂಗಡೀಲಿ ದಿನಾ ಬಂದು ಕೂತು ಕೆಲಸ ಕಲೀಬೇಕು ಅಂತಿದ್ರು. ಪೆನ್ನು ಪುಸ್ತಕ ಏನೂ ಒಯ್ಯಲ್ಲ, ಅವರು ಹೇಳ್ದಂಗೆ ಮಾಡ್ತೀನಿ, ಒಪ್ತಾರೋ ಇಲ್ವೋ ಕೇಳ್ಬೇಕು ಅಂತಿದ್ರು. ನೀವು ಸಿಗಲೇ ಇಲ್ವಂತೆ."

ಆ ಹೆಂಗಸಿಗೆ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ. ಫೋನು ಕೆಟ್ಟುಹೋಗಿತ್ತಮ್ಮಾ ಅಂತ ಸುಳ್ಳು ಹೇಳಿದೆ.