ಹಲಗೆ ತಿರುಗಿಸಿದರೂ ಎಡಗಡೆಯೇ

ರೋಲೆಂಡ್ ಥರ್ಟಲ್ "ಸರಿ, ಹೋಗು" ಅನ್ನುವವರೆಗೆ ಇಂಗ್ಲೆಂಡಿನ ಸಫೊಕ್ ದಡದ ನಮ್ಮ ಹಾಯಿದೋಣಿ ಕ್ಲಬ್ಬಿನಿಂದ ಯಾವ ದೋಣಿಯೂ ರಸ್ತೆಗೆ ಇಳಿಯುತ್ತಿರಲಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಮೂವತ್ತನಾಲ್ಕು ವರ್ಷ ಟೆಲಿಫೋನ್ ಕಂಬ ಹತ್ತಿ ತಂತಿ ಜೋಡಿಸಿದ ಮನುಷ್ಯ, ನಿವೃತ್ತನಾದ ಮೇಲೆ ಎಲ್ಲರ ದೀಪದ ಹಲಗೆಗಳನ್ನೂ ತಾನಾಗಿಯೇ ವಹಿಸಿಕೊಂಡಿದ್ದ.

ಟ್ರೈಲರ್ ಮೇಲೆ ದೋಣಿ ಕೂರಿಸಿ ಎಳೆದರೆ ಕಾರಿನ ಹಿಂದಿನ ದೀಪಗಳು ಮರೆಯಾಗುತ್ತವೆ. ಅದಕ್ಕೆಂದೇ ದೋಣಿಯ ಹಿಂಬದಿಗೆ ಉದ್ದದ ಹಲಗೆಯೊಂದನ್ನು ಕಟ್ಟುತ್ತೇವೆ. ಎರಡು ತುದಿಗೆ ದೀಪ, ನಡುವೆ ಎಳೆಯುವ ಕಾರಿನದೇ ನಂಬರ್ ಪ್ಲೇಟು, ಕಾರಿನವರೆಗೆ ಒಂದು ವೈರು. ಉಪ್ಪುಗಾಳಿಗೆ ಅದು ಕೆಡುತ್ತಲೇ ಇರುತ್ತದೆ. ರೋಲೆಂಡ್ ನಾಲ್ಕು ಹೆಜ್ಜೆ ಹಿಂದೆ ನಿಂತು, ನಂಬರ್ ಪ್ಲೇಟಿನ ಮೇಲೆ ಕಣ್ಣು ನೆಟ್ಟು ಪರೀಕ್ಷಿಸುತ್ತಿದ್ದ. ನಡುವೆ ನೋಡಿದರೆ ಎರಡೂ ದೀಪ ಒಟ್ಟಿಗೆ ಕಾಣುತ್ತವೆ, ಯಾವುದು ಮಂಕೆಂದು ತಿಳಿಯುತ್ತದೆ ಎನ್ನುತ್ತಿದ್ದ.

ಆಗಸ್ಟಿನ ಆ ಶನಿವಾರ ಉತ್ತರದ ಪಂದ್ಯಕ್ಕೆ ಮೂರು ದೋಣಿಗಳು ಹೊರಟಿದ್ದವು. ಮೊದಲನೆಯದು ಮಾಂಸದಂಗಡಿ ನಡೆಸುತ್ತಿದ್ದ ಮಾರಿಸ್ ಕೆಂಬಲ್‌ನದು. ಅವನು ಕಾರಿನೊಳಗೆ ಕೂತು ದೀಪ ಹಾಕಿದ.

"ಎಡಗಡೇದು ಸತ್ತಿದೆ," ಎಂದ ರೋಲೆಂಡ್.

ಹತ್ತಿರ ಹೋಗಿ ಬಗ್ಗಿ ನೋಡಿದರೆ ದೀಪ ಉರಿಯುತ್ತಿತ್ತು. ಹಿಂದೆ ಬಂದು ನಿಂತರೆ ಇಲ್ಲ. ಎಲ್ಲೋ ತಂತಿ ಸಡಿಲವಾಗಿದೆ ಅಂದುಕೊಂಡು ಬಲ್ಬು ಬದಲಿಸಿದ. ಆಗಲೂ ಇಲ್ಲ. ಕ್ಲಬ್ಬಿನ ಹಲಗೆ ತಂದು ಕಟ್ಟಿದ. ಎಡಗಡೆ ಇಲ್ಲ. ಹಿಂದಿನ ದಿನವಷ್ಟೇ ನೋಡಿಟ್ಟಿದ್ದ ತನ್ನ ಸ್ವಂತ ಹಲಗೆ ಕಟ್ಟಿದ. ಅದೂ ಹಾಗೆಯೇ.

"ನಿನ್ನ ಕಾರಿನ ಸಾಕೆಟ್ಟೇ ಹಾಳು, ಮಾರಿಸ್."

"ಮೊನ್ನೆ ಹಾಕ್ಕೊಟ್ಟೋನು ನೀನೇ ಅಲ್ವೇನೋ ಮಾರಾಯ. ಬೈಯೋದಾದ್ರೆ ಕನ್ನಡಿ ಮುಂದೆ ನಿಂತ್ಕೊಂಡು ಬೈಕೋ."

ಟೆಲಿಫೋನಿನವರ ಹಳೆಯ ಕ್ರಮವೊಂದಿದೆ. ದೋಷ ತಿಳಿಯದಿದ್ದರೆ ಅದಲುಬದಲು ಮಾಡು, ದೋಷ ಯಾರ ಜೊತೆ ಹೋಗುತ್ತದೆ ನೋಡು. ರೋಲೆಂಡ್ ಹಲಗೆಯನ್ನು ಬಿಚ್ಚಿ ತಲೆಕೆಳಗು ಮಾಡಿ ಕಟ್ಟಿದ. ಈಗ ಎಡದ ದೀಪ ಬಲಕ್ಕೆ ಬಂತು. ತಪ್ಪು ಬಲ್ಬಿನದಾಗಲಿ, ತಂತಿಯದಾಗಲಿ, ಕಾರಿನದಾಗಲಿ, ಕತ್ತಲೆ ಈಗ ಬಲಗಡೆ ಇರಬೇಕು.

ಅವನು ಹಿಂದೆ ನಡೆದು ನೋಡಿದ. ಕೆಟ್ಟಿದ್ದ ದೀಪ ಬಲಗಡೆ ಚೆನ್ನಾಗಿ ಉರಿಯುತ್ತಿತ್ತು. ಎಡಗಡೆ ಏನೂ ಇರಲಿಲ್ಲ.

ಒಂದು ಕಣ್ಣು ಮುಚ್ಚಿದ. ಆಮೇಲೆ ಇನ್ನೊಂದು. ಎರಡಕ್ಕೂ ಕಂಡದ್ದು ಒಂದೇ ದೀಪ. ಕ್ಲಬ್ಬಿನ ಕಾರ್ಯದರ್ಶಿ ಹೆಸ್ಟರ್ ಗ್ಯಾರಡ್ ಚಹಾ ಲೋಟ ಹಿಡಿದು ಬರುತ್ತಿದ್ದಳು.

"ಹೆಸ್ಟರ್, ಎಷ್ಟು ದೀಪ ಉರೀತಿದೆ?"

"ಎರಡು. ಹಲಗೆ ಯಾಕೆ ತಲೆಕೆಳಗಾಗಿದೆ?"

"ಸರಿಯಾಗಿ ನೋಡಿ ಹೇಳು."

"ಎರಡೂ ಉರೀತಿದೆ ಕಣೋ. ಬೆಳಿಗ್ಗೇನೇ ಏರಿಸಿದ್ಯಾ ಹೇಗೆ?"

ಅವನು ನಗಲಿಲ್ಲ. "ದೋಷ ಹಲಗೇದಲ್ಲ. ನಂದು," ಎಂದ. ಆಮೇಲೆ ರಸ್ತೆಯತ್ತ ತಿರುಗಿ, "ನಾನು ಬೆಳಿಗ್ಗೆ ಕಾರು ಓಡಿಸ್ಕೊಂಡು ಬಂದೆ," ಎಂದ.

ಮೂವರೂ ಅವನ ಕಾರಿನತ್ತ ಹೋದರು. ಎಡಗಡೆಯ ಕನ್ನಡಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಎರಡು ತಂತಿಗಳು ನೇತಾಡುತ್ತಿದ್ದವು. ಬಾಗಿಲಿನ ಹಿಡಿಗೆ ಬೇಲಿಯ ಎಲೆಗಳು ಸಿಕ್ಕಿಕೊಂಡಿದ್ದವು. ಒಂಬತ್ತು ಮೈಲಿ ಬಂದಿದ್ದ. ನಡೆಯುವವರು, ಸೈಕಲ್ಲಿನವರು ಎಲ್ಲ ಆ ರಸ್ತೆಯಲ್ಲಿ ಎಡಕ್ಕೇ ಇರುತ್ತಾರೆ.

"ನಾನು ಯಾರಿಗೆ ಗುದ್ದಿದೆ?" ಎಂದ ರೋಲೆಂಡ್.

ಮಾರಿಸ್ ಆಂಬುಲೆನ್ಸ್‌ಗೆ ಫೋನು ಮಾಡಿದ. ನಲವತ್ತು ನಿಮಿಷ ಎಂದರು. ಹೆಸ್ಟರ್ ಲೋಟ ಅಲ್ಲೇ ನೆಲದ ಮೇಲಿಟ್ಟು, ಅವನು ಬಂದ ದಾರಿಯಲ್ಲೇ ತನ್ನ ಕಾರು ತಿರುಗಿಸಿದಳು. ರೋಲೆಂಡ್ ಟ್ರೈಲರಿನ ಚಕ್ರದ ಮೇಲೆ ಕೂತ. ಮಾರಿಸ್ ಕಾರಿನ ದೀಪ ಆರಿಸಿ ಬಂದು ಪಕ್ಕದಲ್ಲಿ ನಿಂತ.

ಅರ್ಧ ಗಂಟೆಯಲ್ಲಿ ಹೆಸ್ಟರ್ ವಾಪಸಾದಳು. ಕೈಯಲ್ಲಿ ಕನ್ನಡಿಯ ಕವಚವಿತ್ತು.

"ಬಸ್ ನಿಲ್ದಾಣದ ಹತ್ರ ಬಿದ್ದಿತ್ತು. ಕಂಬಕ್ಕೆ ಬಡಿದಿದೆ."

"ಯಾರಿದ್ರು ಅಲ್ಲಿ?"

ಅವಳು ಕವಚವನ್ನು ಟ್ರೈಲರಿನ ಮೇಲಿಟ್ಟಳು.

"ಹೇಳು ಹೆಸ್ಟರ್."

"ಒಬ್ಬ ಅಜ್ಜಿ. ಏನೂ ಆಗಿಲ್ಲ. ನಾನು ಹೋದಾಗಲೂ ಬೆಂಚಿನ ಮೇಲೇ ಕೂತಿದ್ಲು, ಬಂದ ಬಸ್ಸೂ ಹತ್ತದೆ. ಕಾರು ತೋಳಿಗೆ ತಾಗಿಕೊಂಡೇ ಹೋಯ್ತಂತೆ, ಕೋಟು ಹರಿದಿದೆ. ಕೋಲೆತ್ತಿ ಕೂಗಿದ್ಲಂತೆ. 'ಆ ಮನುಷ್ಯ ತಿರುಗಿಯೂ ನೋಡ್ಲಿಲ್ಲ' ಅಂದ್ಲು."

"ನೋಡಿದ್ದೆ. ರಸ್ತೇಲಿ ಯಾರೂ ಇರ್ಲಿಲ್ಲ," ಎಂದ ರೋಲೆಂಡ್.

ಮೆದುಳಿನ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಎರಡೂ ಕಣ್ಣಿನ ನೋಟದ ಎಡ ಅರ್ಧ ಹೋಗಿದೆ ಎಂದು ಆಸ್ಪತ್ರೆಯವರು ಆ ಮಧ್ಯಾಹ್ನ ಹೇಳಿದರು. ಹೀಗಾದವರಿಗೆ ಆ ಕಡೆ ಕಪ್ಪು ಕಾಣುವುದಿಲ್ಲ. ಏನೂ ಕಾಣುವುದಿಲ್ಲ, ಕಾಣುತ್ತಿಲ್ಲ ಎನ್ನುವುದೂ ಗೊತ್ತಾಗುವುದಿಲ್ಲ.

ಅದಕ್ಕೂ ಮುಂಚೆ ಕ್ಲಬ್ಬಿನಲ್ಲಿ, ಆಂಬುಲೆನ್ಸ್ ಬರುವ ಮೊದಲು, ಅವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ತಲೆಕೆಳಗಾಗಿದ್ದ ತನ್ನ ಹಲಗೆಯ ಮುಂದೆ ಬಗ್ಗಿದ. ಅದರ ಮೇಲಿದ್ದದ್ದು ಅವನದೇ ಕಾರಿನ ನಂಬರ್ ಪ್ಲೇಟು, ಅದಕ್ಕೆ ಎರಡು ತಿರುಪು. ಬಲಗಡೆಯದನ್ನು ಬಿಚ್ಚಿದ. ಎಡಗಡೆಯದಕ್ಕೆ ಕೈ ತಡಕಾಡಿತು.

"ಕೊಡೋ ಇಲ್ಲಿ, ನಾನು ತೆಗೀತೀನಿ," ಎಂದ ಮಾರಿಸ್.

"ಬೇಡ," ಎಂದ ರೋಲೆಂಡ್. ಕುತ್ತಿಗೆಯನ್ನು ಪೂರ್ತಿ ಎಡಕ್ಕೆ ಹೊರಳಿಸಿ ತಿರುಪನ್ನು ಹುಡುಕಿದ. ಪ್ಲೇಟು ಬಿಚ್ಚಿ ಬಂದ ಮೇಲೆ ತನ್ನ ಕಾರಿನ ಕೀಲಿಯನ್ನೂ ಅದರ ಮೇಲಿಟ್ಟು ಹೆಸ್ಟರಳ ಕೈಗೆ ಕೊಟ್ಟ.